ಕವುಚಿಟ್ಟ ತುರುಫು

ಒಂದು ಊರಿನಲ್ಲಿ ಒಂದು ಬ್ಯಾಂಡ್ ಸೆಟ್ ಇತ್ತು. ಅದರ ಯಜಮಾನ ಜವರಯ್ಯ. ಊರಿನವರು ಅವನನ್ನು ಮಾಸ್ಟ್ರು ಎಂದು ಕರೆಯುತ್ತಿದ್ದರು. ಟ್ರಂಪೆಟ್ ಊದುವುದರಲ್ಲಿ ಅವನು ಸುಮಾರು. ಮನುಷ್ಯರನ್ನು ಊದಿ ಉಬ್ಬಿಸುವುದರಲ್ಲಿ ಮಾತ್ರ ಅವನ ಸಮಕ್ಕೆ ಯಾರೂ ಇರಲಿಲ್ಲ.

ಮದುವೆ ಮನೆಯಲ್ಲಿ ಬ್ಯಾಂಡಿನವರಿಗೆ ನುಡಿಸುವುದಕ್ಕಿಂತ ಕಾಯುವುದೇ ಹೆಚ್ಚು. ಗಂಡಿನ ಚಿಕ್ಕಪ್ಪ ಇನ್ನೂ ಬಂದಿಲ್ಲ ಎಂದು ಕಾಯಬೇಕು. ಕಾರಿಗೆ ಹೂವು ಕಟ್ಟಿ ಮುಗಿದಿಲ್ಲ ಎಂದು ಕಾಯಬೇಕು. ಜವರಯ್ಯನ ಸೆಟ್ಟಿನವರು ಛತ್ರದ ಹಿಂದೆ ನೀರಿನ ತೊಟ್ಟಿಯ ಪಕ್ಕ ದೊಡ್ಡ ಡ್ರಮ್ಮನ್ನು ಮಲಗಿಸಿ, ಅದರ ಮೇಲೆ ಇಸ್ಪೀಟು ಹಾಕುತ್ತಿದ್ದರು. ಕೆಂಪು ಕೋಟಿನ ಗುಂಡಿ ಬಿಚ್ಚಿಕೊಂಡು, ಜರಿ ಟೋಪಿಯನ್ನು ಮಂಡಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದರು.

ಆಡುತ್ತಿದ್ದ ಆಟ ಇಪ್ಪತ್ತೆಂಟು. ಆ ಆಟ ಬಾರದವರು ಇಷ್ಟು ತಿಳಿದುಕೊಂಡರೆ ಸಾಕು. ಎಲ್ಲರಿಗಿಂತ ಹೆಚ್ಚು ಅಂಕಕ್ಕೆ ಆಟ ಕೂಗಿದವನು ತನ್ನ ಕೈಯಿಂದ ಒಂದು ಎಲೆ ತೆಗೆದು ಕವುಚಿ ಇಡುತ್ತಾನೆ. ಅದೇ ತುರುಫು. ಅದು ಇಸ್ಪೀಟೋ ಆಟೀನೋ ಬೇರೆಯವರಿಗೆ ತಿಳಿಯದು. ಸಮಯ ಬಂದಾಗ ಅದನ್ನು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಆ ಜಾತಿಯ ಸಣ್ಣ ಎಲೆಯೂ ಬೇರೆ ಜಾತಿಯ ದೊಡ್ಡ ಎಲೆಯನ್ನು ಹೊಡೆದುಹಾಕುತ್ತದೆ. ಆಟ ಮುಗಿದರೆ ಎಲ್ಲ ಎಲೆಗಳನ್ನೂ ಕಲೆಸುತ್ತಾರೆ. ಮುಂದಿನ ಆಟಕ್ಕೆ ತುರುಫು ಹೊಸದಾಗಿ ಇಡಬೇಕು. ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ಕಥೆಯ ಮನುಷ್ಯ ಅದನ್ನೇ ಮರೆತ.

ಇಸ್ಪೀಟಿನ ಮಾತುಗಳು ನಮ್ಮ ನಾಲಗೆಗೆ ಎಷ್ಟು ಅಂಟಿಕೊಂಡಿವೆ ನೋಡಿ. ಎಲ್ಲಿ ಹಾಕಿದರೂ ಹೊಂದಿಕೊಂಡು ಹೋಗುವವನು ಜೋಕರ್. ಕಷ್ಟ ಬಂದಾಗ ಕೈಹಿಡಿಯುವ ಗುಣವೋ ವಿದ್ಯೆಯೋ ಒಬ್ಬನಿಗೆ ಇದ್ದರೆ ಅದೇ ಅವನ ತುರುಫು. ಚುನಾವಣೆಯಲ್ಲಿ ಒಬ್ಬ ತುರುಫಿನ ಎಲೆ, ಕ್ರಿಕೆಟ್ ತಂಡದಲ್ಲಿ ಒಬ್ಬ ತುರುಫಿನ ಎಲೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಅಡುಗೆಯೂ ತುರುಫಿನ ಎಲೆ. ಹಾಗೆ ಅನ್ನಿಸಿಕೊಂಡವರು ಹಿಗ್ಗಿ ಹೀರೇಕಾಯಿ ಆಗುತ್ತಾರೆ. ರಟ್ಟಿನ ಚೂರಿನ ಹೆಸರಿಟ್ಟು ಕರೆದರೆ ಹಿಗ್ಗುವ ಪ್ರಾಣಿ ಮನುಷ್ಯನೊಬ್ಬನೇ.

ಜವರಯ್ಯನ ಸೆಟ್ಟಿಗೆ ಮುದ್ದುರಂಗ ಎಂಬವನು ಬಂದು ಸೇರಿದ. ಕ್ಲಾರಿನೆಟ್ ನುಡಿಸುವವನು. ಸೋದರಮಾವ ಕಲಿಸಿದ ವಿದ್ಯೆ, ಸೋದರಮಾವನದೇ ವಾದ್ಯ. ಬಂದ ಮೊದಲ ದಿನ, ಆಟ ನಡೆಯುತ್ತಿದ್ದಾಗ, ಅವನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಮಾವ ಮೊದಲು ಕಲಿಸಿದ ಹಾಡನ್ನು ತನ್ನ ಪಾಡಿಗೆ ನುಡಿಸಿದ. ಅದು ಹೆಣ್ಣೊಪ್ಪಿಸುವ ಹಾಡು. ಮದುವೆಯೆಲ್ಲ ಮುಗಿದು ತಾಯಿ ತಂದೆ ಮಗಳ ಕೈಯನ್ನು ಗಂಡಿನ ಮನೆಯವರ ಕೈಯಲ್ಲಿಡುವಾಗ ಹೇಳುವ ಹಾಡು. ಅಡುಗೆ ಮನೆಯಿಂದ ಭಟ್ಟರು ಜಾಲರಿ ಸೌಟು ಹಿಡಿದುಕೊಂಡೇ ಆಚೆ ಬಂದರು. ಹೋದ ತಿಂಗಳು ಅವರ ಮಗಳ ಮದುವೆಯಾಗಿತ್ತು. ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅವರು ಅಳುತ್ತಿದ್ದರು.

ಇಸ್ಪೀಟು ನಿಂತಿತು. ಜವರಯ್ಯ ತನ್ನ ಕೈಯ ಎಲೆಗಳನ್ನು ಮಡಚಿದ. ಅಳುವ ಭಟ್ಟರನ್ನು ನೋಡಿದ, ಮುದ್ದುರಂಗನನ್ನು ನೋಡಿದ. ಬೇರೆ ಯಾರಾದರೂ ಆಗಿದ್ದರೆ ಎಂಥ ಹಾಡು ಅನ್ನುತ್ತಿದ್ದರು. ಅವನು ಎಂಥ ಎಲೆ ಎಂದುಕೊಂಡ.

"ರಂಗ, ನಾಳೆಯಿಂದ ನೀನು ತಾಳ ಹಿಡ್ಕೋ" ಎಂದ.

"ತಾಳವಾ? ಮತ್ತೆ ಕ್ಲಾರಿನೆಟ್ಟು ಮಾಸ್ಟ್ರೇ?"

"ಅದು ಚೀಲದಲ್ಲಿರ್ಲಿ. ನೀನು ನನ್ನ ತುರುಫು ಕಣೋ. ತುರುಫನ್ನ ಯಾರಾದ್ರೂ ಮೊದಲನೇ ಸುತ್ತಿಗೇ ಬಿಚ್ತಾರಾ? ದಿನಾ ನುಡಿಸಿದ್ರೆ ಬೇರೆ ಸೆಟ್ನೋರು ಕೇಳಿಸ್ಕೊಂಡು ನಿನ್ನ ಪಟ್ಟೆಲ್ಲಾ ಕಲ್ತುಬಿಡ್ತಾರೆ. ಎದುರು ಬಿದ್ದಾಗ ನಾನು ಭುಜ ತಟ್ತೀನಿ. ಆಗ ತೆಗಿ."

ಎದುರು ಬೀಳುವುದು ಎಂದರೆ ಆ ಊರಿನ ಒಂದು ಪದ್ಧತಿ. ಎರಡು ಮದುವೆ ಮೆರವಣಿಗೆಗಳು ಗಡಿಯಾರ ಕಂಬದ ಸರ್ಕಲ್ಲಿನಲ್ಲಿ ಎದುರುಬದುರಾದರೆ ಯಾರೂ ದಾರಿ ಬಿಡುತ್ತಿರಲಿಲ್ಲ. ಎರಡೂ ಬ್ಯಾಂಡಿನವರು ನಿಂತು ನುಡಿಸಬೇಕು. ಯಾವ ಸೆಟ್ಟು ಮೊದಲು ಸೋತು ನಿಲ್ಲಿಸುತ್ತದೋ ಅದು ವಾದ್ಯ ಕೆಳಗಿಳಿಸಿ, ತನ್ನ ಗಂಡಿನ ಕಾರಿನ ಸಮೇತ ಪಕ್ಕದ ಓಣಿಗೆ ತಿರುಗಬೇಕು. ಓಣಿಗೆ ತಿರುಗಿದ ಸೆಟ್ಟನ್ನು ಆಮೇಲೆ ದೊಡ್ಡ ಮನೆಯವರು ಕರೆಯುತ್ತಿರಲಿಲ್ಲ.

"ಎದುರಿಗೆ ಒಂದೇ ಒಂದು ಹಾಡು ಸಾಕು" ಎಂದ ಜವರಯ್ಯ. "ಕದನಕುತೂಹಲ ರಾಗದ್ದು. ಉಸಿರು ಬಿಡ್ದೆ, ಜೋರಾಗಿ. ಅದನ್ನೇ ತಿಕ್ಕಿ ಬೆಳಗು. ಮಿಕ್ಕಿದ್ದೆಲ್ಲ ಬಿಟ್ಬಿಡು. ಅಭ್ಯಾಸ ಊರೊಳಗೆ ಬೇಡ, ಮನೇಲೂ ಬೇಡ. ಗೋಡೆಗೂ ಕಿವಿ ಇರ್ತದೆ."

ಮುದ್ದುರಂಗ ತಲೆಯಾಡಿಸಿದ. ತುರುಫು ಎನ್ನಿಸಿಕೊಂಡ ಖುಷಿಯಲ್ಲಿ ಅವನಿಗೆ ಇದು ಎಂಥ ಏರ್ಪಾಡು ಎಂದು ಕೇಳಬೇಕು ಅನ್ನಿಸಲೇ ಇಲ್ಲ.

ಅಂದಿನಿಂದ ಅವನು ಬೆಳಗಿನ ಜಾವ ಊರಾಚೆಯ ಹಾಳು ಇಟ್ಟಿಗೆ ಗೂಡಿಗೆ ಹೋಗಿ, ಅದರೊಳಗೆ ಕುಳಿತು ಆ ಒಂದೇ ಹಾಡನ್ನು ಊದುತ್ತಿದ್ದ. ಸಂಜೆ ಮೆರವಣಿಗೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು ತಾಳ ಬಡಿಯುತ್ತಿದ್ದ.

ಸೀಸನ್ನಿನ ನಡುವೆ ಒಂದು ದಿನ ಅಂತೋಣಪ್ಪನ ಸೆಟ್ಟು ಎದುರು ಬಿತ್ತು. ಅಂತೋಣಪ್ಪನೂ ಕ್ಲಾರಿನೆಟ್ಟಿನವನೇ, ಹಳೆಯ ಕೈ. ಜವರಯ್ಯನ ಟ್ರಂಪೆಟ್ ಏದುಸಿರು ಬಿಡತೊಡಗಿತು. ಗಂಡಿನ ಕಡೆಯವರ ಮುಖ ಸಪ್ಪಗಾಯಿತು. ಆಗ ಜವರಯ್ಯ ಹಿಂದೆ ಬಂದು ಮುದ್ದುರಂಗನ ಭುಜ ತಟ್ಟಿದ. ಮುದ್ದುರಂಗ ತಾಳ ಕೆಳಗಿಟ್ಟು ಚೀಲ ಬಿಚ್ಚಿದ. ಕದನಕುತೂಹಲ ಹೊರಟಿತು ನೋಡಿ, ಸರ್ಕಲ್ಲಿನ ಹೂವಿನ ಅಂಗಡಿಯವರು ಎದ್ದು ನಿಂತರು. ಅಂತೋಣಪ್ಪ ಸ್ವಲ್ಪ ಹೊತ್ತು ಅದೇ ವೇಗದಲ್ಲಿ ನುಡಿಸಿದ. ಆಮೇಲೆ ವಾದ್ಯ ಇಳಿಸಿ, ಸುಮ್ಮನೆ ನಿಂತು ಕೇಳಿದ.

ಗಂಡಿನ ತಂದೆ ಶಾಲು ತಂದು ಜವರಯ್ಯನಿಗೆ ಹೊದಿಸಿದರು. ಹುಡುಗರು ಜವರಯ್ಯನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಮುದ್ದುರಂಗ ಕ್ಲಾರಿನೆಟ್ ಒರೆಸಿ ಚೀಲಕ್ಕೆ ಹಾಕಿ, ತಾಳ ಎತ್ತಿಕೊಂಡ. ಹೆಗಲ ಮೇಲಿನಿಂದ ಜವರಯ್ಯ ಕೂಗಿದ:

"ನನ್ನ ತುರುಫು ಕಣ್ರೋ ಅವನು! ನನ್ನ ತುರುಫು!"

ಆ ಕೂಗನ್ನು ಮುದ್ದುರಂಗ ಮನೆಗೆ ಹೊತ್ತುಕೊಂಡು ಹೋಗಿ ಹೆಂಡತಿಗೆ ಹೇಳಿದ.

ಹೆಂಡತಿ ಸಾಕಮ್ಮ ಕೇಳಿದಳು: "ಶಾಲು ಎಲ್ಲಿ?"

"ಶಾಲು ಮಾಸ್ಟ್ರಿಗೆ ಹಾಕಿದ್ರು. ಸೆಟ್ಟಿನ ಯಜಮಾನ ಅವರಲ್ವಾ?"

"ನುಡಿಸಿದ್ದು?"

"ನಿಂಗೆ ಇಸ್ಪೀಟು ಬರಲ್ಲ ಸಾಕಿ, ಬಿಡು" ಎಂದ ಮುದ್ದುರಂಗ. ಇಸ್ಪೀಟು ಬಾರದ ಸಾಕಮ್ಮನಿಗೆ ಆಟ ಅರ್ಥವಾಗಿತ್ತು.

ಕೆಲವು ದಿನ ಕಳೆದ ಮೇಲೆ ಅಂತೋಣಪ್ಪನೇ ಇಟ್ಟಿಗೆ ಗೂಡಿನ ಹತ್ತಿರ ಬಂದ. ಬಾಯಿ ತೆರೆದು ತೋರಿಸಿದ. ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು.

"ರಂಗಣ್ಣ, ಹಲ್ಲು ಹೋದ್ಮೇಲೆ ಕ್ಲಾರಿನೆಟ್ ಹಿಡಿಯೋಕಾಗಲ್ಲ. ನಮ್ ಸೆಟ್ಟಿಗೆ ಬಾ. ದಿನಾ ಮುಂದಿನ ಸಾಲಲ್ಲಿ ನಿಂತು ನುಡಿಸು. ವರಪೂಜೆಗೆ ನುಡಿಸು, ಆರತಕ್ಷತೆಗೆ ನುಡಿಸು, ಹೆಣ್ಣೊಪ್ಪಿಸೋವಾಗ ನುಡಿಸು."

"ಅಲ್ಲಿಗೆ ಬಂದ್ರೆ ನಾನು ಹತ್ತರಲ್ಲಿ ಒಬ್ಬ. ಇಲ್ಲಿ ನಾನು ತುರುಫು" ಎಂದ ಮುದ್ದುರಂಗ.

ಅಂತೋಣಪ್ಪ ನಕ್ಕ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ತುರುಫು ಹೊಡೆದ್ಮೇಲೆ ಆ ಸುತ್ತಿನ ಎಲೆಗಳೆಲ್ಲ ಯಾರ ಮುಂದೆ ಹೋಗಿ ಸೇರ್ತವೆ? ಆಡಿದೋನ ಮುಂದೆ. ಅದ್ರ ಜೊತೆಗೆ ತುರುಫೂ ಹೋಗಿ ಬೋರಲಾಗಿ ಬೀಳ್ತದೆ. ಯೋಚ್ನೆ ಮಾಡು."

ಮುದ್ದುರಂಗ ಯೋಚನೆ ಮಾಡಲಿಲ್ಲ. ನಿಯತ್ತು ತೋರಿಸುವ ಉಮೇದಿನಲ್ಲಿ ನೇರವಾಗಿ ಹೋಗಿ ಜವರಯ್ಯನಿಗೆ ಎಲ್ಲವನ್ನೂ ಹೇಳಿದ. ಜವರಯ್ಯ ಅವನನ್ನು ತಬ್ಬಿಕೊಂಡ. "ಅವನಿಗೆ ಹೊಟ್ಟೆಕಿಚ್ಚು ಕಣೋ" ಎಂದ. ನಿಜ ಹೇಳಿದವನ ಮುಖಕ್ಕೆ ಬಳಿಯಲು ಲೋಕ ಈ ಮಸಿಯನ್ನು ಯಾವಾಗಲೂ ಅರೆದು ಇಟ್ಟುಕೊಂಡಿರುತ್ತದೆ. ಮುದ್ದುರಂಗ ಹಾಯಾಗಿ ಮತ್ತೆ ತಾಳ ಎತ್ತಿಕೊಂಡ.

ವರ್ಷಗಳು ಉರುಳಿದವು. ಕೆಲವು ಸೀಸನ್ನಿನಲ್ಲಿ ಭುಜಕ್ಕೆ ಒಂದೆರಡು ಸಲ ತಟ್ಟು ಬಿತ್ತು. ಕೆಲವು ಸೀಸನ್ನಿನಲ್ಲಿ ಒಂದೂ ಬೀಳಲಿಲ್ಲ. ಮುದ್ದುರಂಗನ ಮಗಳು ರಂಜಿನಿಯ ಮದುವೆ ಬಂತು.

ಹಿಂದಿನ ದಿನ ಅವಳು ಅಪ್ಪನ ಹತ್ತಿರ ಬಂದು ಕುಳಿತಳು.

"ಅಪ್ಪ, ನೀವು ಕ್ಲಾರಿನೆಟ್ ನುಡಿಸೋದನ್ನ ನಾನು ಒಂದು ಸಲವೂ ಕೇಳಿಲ್ಲ. ನನ್ನ ಕಳಿಸ್ಕೊಡೋವಾಗ ಆ ಹೆಣ್ಣೊಪ್ಪಿಸೋ ಹಾಡು ನುಡಿಸ್ತೀರಾ? ಅದನ್ನ ಕೇಳಿ ಅಡುಗೆ ಭಟ್ರೇ ಅತ್ತಿದ್ರಂತೆ. ಅಮ್ಮ ಹೇಳಿದ್ಲು."

ಮುದ್ದುರಂಗ ಆಗಲೇ ಎದ್ದು ಹೊರಟ. ಜವರಯ್ಯನ ಹತ್ತಿರ ಹೋಗಿ ಕೇಳಿದ. ಜವರಯ್ಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಪ್ರೀತಿಯಿಂದ ಹೇಳಿದ:

"ನಿನ್ನ ಮಗಳು ನನ್ನ ಮಗಳಲ್ವಾ ರಂಗ? ಆದ್ರೆ ನಾಳೆ ಸುತ್ತಮುತ್ತಲ ಸೆಟ್ನೋರೆಲ್ಲ ಊಟಕ್ಕೆ ಬರ್ತಾರೆ. ಅವರ ಮುಂದೆ ತುರುಫು ಬಿಚ್ತೀಯಾ? ಬರೋ ತಿಂಗಳು ಮಿಲ್ ಸಾಹುಕಾರರ ಮನೆ ಮದುವೆ ಇದೆ. ಅದೇ ದಿನ ಇನ್ನೊಂದು ದೊಡ್ಡ ಮೆರವಣಿಗೆ ಹೊರಡ್ತದೆ. ಎದುರು ಬೀಳೋದು ಖಾತ್ರಿ. ಅದೊಂದು ಗೆದ್ದುಕೊಡು. ಆಮೇಲೆ ನಿನ್ನ ಮುಂದಿನ ಸಾಲಿಗೆ ಹಾಕ್ತೀನಿ. ನಿಂಗೆ ಬೇಕಾದ್ದು ನುಡಿಸು. ಮಾತು ಕೊಟ್ಟಿದ್ದೀನಿ."

ಮಗಳನ್ನು ಒಪ್ಪಿಸುವಾಗ ಮುದ್ದುರಂಗ ಅವಳ ಕೈಯನ್ನು ಬೀಗರ ಕೈಯಲ್ಲಿಟ್ಟು, ಹಿಂದೆ ಸರಿದು, ತಾಳ ಎತ್ತಿಕೊಂಡ. ಟ್ರಂಪೆಟ್ಟಿನಲ್ಲಿ ಜವರಯ್ಯ ಯಾವುದೋ ಸಿನಿಮಾ ಹಾಡು ನುಡಿಸಿದ. ರಂಜಿನಿ ಕಾರು ಹತ್ತುವವರೆಗೂ ತಿರುಗಿ ತಿರುಗಿ ನೋಡಿದಳು. ಅಪ್ಪ ತಾಳ ಬಡಿಯುತ್ತಿದ್ದ. ಸಾಕಮ್ಮ ಅವತ್ತಿನಿಂದ ಅವನ ಜೊತೆ ಬ್ಯಾಂಡಿನ ವಿಷಯ ಮಾತಾಡಲಿಲ್ಲ.

ಮಿಲ್ ಸಾಹುಕಾರರ ಮದುವೆ ಬಂತು. ಮೆರವಣಿಗೆಗಳು ಎದುರು ಬಿದ್ದವು. ಆಚೆ ಕಡೆ ಹೊರಗಿನಿಂದ ಕರೆಸಿದ ದೊಡ್ಡ ಸೆಟ್ಟು. ಸರ್ಕಲ್ಲಿನ ತುಂಬ ಜನ. ಜವರಯ್ಯ ಈ ಸಲ ಭುಜವನ್ನು ಎರಡೆರಡು ಸಲ ತಟ್ಟಿದ. ಮುದ್ದುರಂಗ ನುಡಿಸಿದ. ಮಗಳ ಮದುವೆಯಲ್ಲಿ ನುಂಗಿಕೊಂಡದ್ದನ್ನೆಲ್ಲ ಸೇರಿಸಿ ನುಡಿಸಿದ. ತುಟಿ ಒಡೆದು ರಕ್ತ ಕೋಟಿನ ಮೇಲೆ ಬಿತ್ತು. ಕೋಟು ಕೆಂಪಗಿದ್ದುದರಿಂದ ಯಾರಿಗೂ ಕಾಣಲಿಲ್ಲ. ಆಚೆಯ ಸೆಟ್ಟು ಓಣಿಗೆ ತಿರುಗಿತು.

ಸಾಹುಕಾರರು ತಮ್ಮ ಛತ್ರದ ಮದುವೆಗಳನ್ನೆಲ್ಲ ಇನ್ನು ಮುಂದೆ ಜವರಯ್ಯನ ಸೆಟ್ಟಿಗೇ ಕೊಡುವುದಾಗಿ ಅಲ್ಲೇ ನಿಂತು ಹೇಳಿದರು.

ಮುಂದಿನ ಮದುವೆಯ ದಿನ ಮುದ್ದುರಂಗ ಕೋಟು ಒಗೆದು, ಇಸ್ತ್ರಿ ಹಾಕಿಸಿ, ಕ್ಲಾರಿನೆಟ್ಟನ್ನು ಚೀಲದಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡು ಬಂದ. ಛತ್ರದ ಹಿಂದೆ ಒಂದು ಹೊಸ ತಳ್ಳುಗಾಡಿ ನಿಂತಿತ್ತು. ಅದರ ಮೇಲೆ ಎದೆಯೆತ್ತರದ ಸ್ಪೀಕರುಗಳು, ಒಂದು ಕೀಬೋರ್ಡು. ಕೀಬೋರ್ಡಿನ ಹಿಂದೆ ಗಡ್ಡ ಬಿಟ್ಟ ಒಬ್ಬ ಯುವಕ. ಒಂದು ಗುಂಡಿ ಒತ್ತಿದರೆ ಅದರಲ್ಲಿ ಕ್ಲಾರಿನೆಟ್ ಬರುತ್ತಿತ್ತು, ಇನ್ನೊಂದು ಒತ್ತಿದರೆ ಶಹನಾಯಿ. ಅದಕ್ಕೆ ಉಸಿರು ಕಟ್ಟುವ ಭಯವಿಲ್ಲ.

ಜವರಯ್ಯ ಡ್ರಮ್ಮಿನ ಮೇಲೆ ಎಲೆ ಕಲೆಸುತ್ತಿದ್ದ.

"ಮಾಸ್ಟ್ರೇ, ಮುಂದಿನ ಸಾಲು ಅಂದಿದ್ರಿ" ಎಂದ ಮುದ್ದುರಂಗ.

"ಅಂದಿದ್ದೆ ಕಣೋ. ಈಗ ಮುಂದಿನ ಸಾಲಲ್ಲಿ ಗಾಡಿ ನಿಲ್ತದೆ. ಜಾಗ ಎಲ್ಲಿದೆ?" ಜವರಯ್ಯನ ದನಿಯಲ್ಲಿ ಕೋಪವಿರಲಿಲ್ಲ. ಎಲೆ ಹಂಚುತ್ತಾ ಆಡುತ್ತಿದ್ದವರನ್ನು ಕೇಳಿದ: "ಏನ್ರಪ್ಪಾ, ಹೋದ ಆಟದಲ್ಲಿ ತುರುಫು ಯಾವುದಿತ್ತು?"

ಒಬ್ಬ ಇಸ್ಪೀಟು ಎಂದ. ಇನ್ನೊಬ್ಬ ಕಳಾವರ ಎಂದ. ಮತ್ತೊಬ್ಬ ತಲೆ ಕೆರೆದುಕೊಂಡ.

"ನೋಡ್ದಾ? ಈಗಷ್ಟೇ ಆಡಿದ್ದು, ಯಾರಿಗೂ ನೆನಪಿಲ್ಲ. ಹೊಸ ಆಟಕ್ಕೆ ಹೊಸ ತುರುಫು ರಂಗ. ಇದು ನಾನು ಮಾಡಿದ ಕಾನೂನಾ?"

ಆಮೇಲೆ ಕೀಬೋರ್ಡಿನ ಯುವಕನ ಕಡೆ ತಿರುಗಿ, "ನೀನು ದಿನಾ ಎಲ್ಲಾ ಸೌಂಡೂ ಬಿಡಬೇಡಪ್ಪ. ಒಳ್ಳೇದನ್ನ ಎದುರಿಗೆ ಅಂತ ಇಟ್ಕೋ. ನೀನು ನನ್ನ ತುರುಫು" ಎಂದ. ಯುವಕನ ಮುಖ ಅರಳಿತು. ಆ ಮುಖವನ್ನು ನೋಡಿ ಮುದ್ದುರಂಗ ಏನೋ ಹೇಳಲು ಬಾಯಿ ತೆರೆದ. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಕ್ಲಾರಿನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಅವನು ಸೆಟ್ಟು ಬಿಟ್ಟ. ಅಂತೋಣಪ್ಪನನ್ನು ಹುಡುಕಿಕೊಂಡು ಹೋದ. ಹಲ್ಲು ಹೋದ ಮೇಲೆ ಕ್ಲಾರಿನೆಟ್ಟಿನವರು ಸಿಗದೆ ಅಂತೋಣಪ್ಪ ಸೆಟ್ಟನ್ನೇ ಮುಚ್ಚಿದ್ದ. ಬೇರೆ ಸೆಟ್ಟುಗಳ ಬಾಗಿಲು ತಟ್ಟಿದ. ಎಲ್ಲ ಕಡೆ ಒಂದೇ ಮಾತು.

"ಓ, ತಾಳದ ಮುದ್ದುರಂಗ ಅಲ್ವಾ? ತಾಳಕ್ಕೆ ಜನ ಇದ್ದಾರೆ."

"ತಾಳ ಅಲ್ಲ, ಕ್ಲಾರಿನೆಟ್ಟು. ಸರ್ಕಲ್ಲಲ್ಲಿ ಎದುರು ಬಿದ್ದಾಗ ಗೆದ್ದಿದ್ದು ನಾನೇ."

"ಅದು ಜವರಯ್ಯನ ಸೆಟ್ಟು ಗೆದ್ದಿದ್ದಲ್ವಾ?"

ಊರಿಗೆ ಊರೇ ಕೇಳಿದ ವಾದ್ಯ ಅದು. ಆದರೆ ಊರು ನೆನಪಿಟ್ಟುಕೊಂಡದ್ದು ಶಾಲು ಹೊದ್ದವನ ಮುಖವನ್ನು. ಇದರಲ್ಲಿ ಊರಿನ ತಪ್ಪೇನೂ ಇಲ್ಲ. ವರ್ಷವೆಲ್ಲ ಕಣ್ಣಿಗೆ ಬಿದ್ದದ್ದು ತಾಳ ಬಡಿಯುವ ಮುದ್ದುರಂಗ.

ಅವನು ಮನೆಯಲ್ಲಿ ಕುಳಿತ. ರಂಜಿನಿ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಮಗು. ಒಂದು ಮಧ್ಯಾಹ್ನ ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲವನ್ನು ನೋಡಿದಳು.

"ಅಪ್ಪ, ಈಗ ಯಾವ ಮಾಸ್ಟ್ರ ಅಪ್ಪಣೆಯೂ ಬೇಡವಲ್ಲ. ಅವತ್ತು ನುಡಿಸ್ಲಿಲ್ಲ. ಇವತ್ತಾದ್ರೂ ಆ ಹಾಡು ನುಡಿಸಿ. ಇವಳೂ ಕೇಳ್ಲಿ."

ಮುದ್ದುರಂಗನ ಕಣ್ಣು ತುಂಬಿತು. ಚೀಲ ಇಳಿಸಿ, ವಾದ್ಯ ಜೋಡಿಸಿ, ತುಟಿಗೆ ಇಟ್ಟ. ಒಲೆಯ ಮುಂದಿದ್ದ ಸಾಕಮ್ಮನೂ ಬಂದು ಬಾಗಿಲಲ್ಲಿ ನಿಂತಳು. ಹೆಣ್ಣೊಪ್ಪಿಸುವ ಹಾಡಿನ ಮೊದಲ ಸಾಲು ಬಂತು. ಮೆತ್ತಗೆ, ಸರಿಯಾಗಿ ಬಂತು. ಎರಡನೇ ಸಾಲು ಬರಲಿಲ್ಲ. ಬೆರಳುಗಳು ತಾವಾಗಿಯೇ ಓಡಿದವು, ಕದನಕುತೂಹಲ ಹೊರಟುಬಿಟ್ಟಿತು. ಅವನು ನಿಲ್ಲಿಸಿದ. ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ಅದೇ ಕದನಕುತೂಹಲ, ಅದೇ ಜೋರು. ಇಟ್ಟಿಗೆ ಗೂಡಿನಲ್ಲಿ ಅಷ್ಟು ವರ್ಷ ಕುಳಿತು ಉಜ್ಜಿದ್ದು ಅದೊಂದನ್ನೇ. ಮಾವ ಕಲಿಸಿದ್ದೆಲ್ಲ ಅದರ ಕೆಳಗೆ ಅಳಿಸಿಹೋಗಿತ್ತು.

ಮಗು ಬೆಚ್ಚಿಬಿದ್ದು ಕಿರುಚಿ ಅಳತೊಡಗಿತು.

ರಂಜಿನಿ ಮಗುವಿನ ಕಿವಿಯನ್ನು ಅಂಗೈಯಲ್ಲಿ ಮುಚ್ಚಿದಳು. "ಸಾಕು ಬಿಡಿ ಅಪ್ಪ, ಇವಳು ಹೆದರಿಕೊಂಡ್ಲು" ಎಂದಳು. ಎದ್ದು ಮಗುವನ್ನು ಒಳಗೆ ಎತ್ತಿಕೊಂಡು ಹೋದಳು.

ಮುದ್ದುರಂಗ ವಾದ್ಯವನ್ನು ಬಿಚ್ಚಿ, ಒರೆಸಿ, ಚೀಲಕ್ಕೆ ಹಾಕಿ, ಮೊಳೆಗೆ ನೇತುಹಾಕಿದ. ಒಳಗೆ ಸಾಕಮ್ಮ ಮಗುವನ್ನು ತಟ್ಟುತ್ತಾ, ಬಾಯಿಯಲ್ಲಿ ಆ ಹಾಡನ್ನು ಗುನುಗುತ್ತಿದ್ದಳು. ಎರಡನೇ ಸಾಲು ಅವಳಿಗೆ ನೆನಪಿತ್ತು.

ನೀತಿ: ಯಾರಾದರೂ ನಿಮ್ಮನ್ನು "ನೀನು ನನ್ನ ತುರುಫು" ಎಂದರೆ ಹಿಗ್ಗುವ ಮೊದಲು ನೀವು ಯಾರ ಕೈಯಲ್ಲಿದ್ದೀರಿ ಎಂದು ನೋಡಿಕೊಳ್ಳಿ. ಎಲೆ ಎಷ್ಟು ದೊಡ್ಡದಾದರೂ ಆಟ ಗೆಲ್ಲುವುದು ಹಿಡಿದವನು. ಅವನ ಆಟ ಮುಗಿದ ದಿನ ನೀವು ಕಟ್ಟಿನಲ್ಲಿ ಮತ್ತೊಂದು ಎಲೆ. ನಿಮ್ಮ ವಿದ್ಯೆಯನ್ನು ಇನ್ನೊಬ್ಬರ ಗೆಲುವಿಗಾಗಿ ಬಚ್ಚಿಡಬೇಡಿ. ಅದನ್ನು ದಿನವೂ ನುಡಿಸಿ, ಮೊದಲು ನಿಮ್ಮ ಮನೆಯವರ ಮುಂದೆ ನುಡಿಸಿ. ಇದನ್ನು ನಾಲ್ಕು ಜನಕ್ಕೆ ಕಳಿಸುವವರು ಕಳಿಸಿ. ಆದರೆ ನಿಮ್ಮನ್ನು ತುರುಫು ಎಂದು ಕರೆಯುವ ಯಜಮಾನರಿಗೆ ಕಳಿಸಬೇಡಿ, ಅವರಿಗೆ ಇದು ಮೊದಲೇ ಗೊತ್ತು.